ವಸ್ತ್ರಾಸನ ಮೀಮಾಂಸೆ: ಏಷ್ಯಾದ ನಗರಗಳಲ್ಲಿ ಮೋರಟಗಿಯ ಪ್ರವಾಸಿಯ ದೇಹಸೌಖ್ಯ

ಏಷ್ಯಾ ಖಂಡದ ನಗರಗಳಲ್ಲಿ ಸಂಚರಿಸುವವರ ದೇಹಸೌಖ್ಯವನ್ನು ಕುರಿತ ಗ್ರಂಥಗಳು ಬ್ಯಾಂಕಾಕ್, ಜಕಾರ್ತಾ, ದಿಲ್ಲಿಗಳಲ್ಲೇ ಸುಳಿದಾಡಿ, ಅದೇ ಖಂಡದಲ್ಲಿರುವ ಸಿಂದಗಿಯನ್ನು ಏಕೆ ಕೈಬಿಟ್ಟಿವೆ ಎಂಬುದಕ್ಕೆ ಸಮಾಧಾನಕರವಾದ ಉತ್ತರ ದೊರೆಯುವುದಿಲ್ಲ. ಸಿಂದಗಿ ಸೀಮೆಯ ಮೋರಟಗಿಯಿಂದ ಸಂತೆ, ಕೋರ್ಟು, ದವಾಖಾನೆಗಳ ನಿಮಿತ್ತ ಸಿಂದಗಿ, ವಿಜಯಪುರ, ಕಲಬುರಗಿಗಳಿಗೂ, ದುಡಿಮೆಯ ನಿಮಿತ್ತ ಪುಣೆ, ಮುಂಬಯಿಗಳಿಗೂ ಹೋಗಿಬರುವ ಪ್ರವಾಸಿಯ ಆರೋಗ್ಯಶಾಸ್ತ್ರವು ಇಂದಿಗೂ ಅಲಿಖಿತವಾಗಿಯೇ ಉಳಿದಿರುವುದರಿಂದ, ಅದರ ಕೆಲವು ಅಧಿಕರಣಗಳನ್ನು ಇಲ್ಲಿ ನಿರೂಪಿಸಲಾಗಿದೆ.

ಮೊದಲನೆಯದು ಉದರಾಧಿಕರಣ. ಪ್ರವಾಸವೈದ್ಯರ ಪ್ರಸಿದ್ಧ ನಿಯಮದಂತೆ ಕುದಿಸಿದ್ದನ್ನು, ಬೇಯಿಸಿದ್ದನ್ನು, ಇಲ್ಲವೇ ಸ್ವತಃ ಸಿಪ್ಪೆ ಸುಲಿದದ್ದನ್ನು ಮಾತ್ರ ತಿನ್ನತಕ್ಕದ್ದು. ಈ ಪರೀಕ್ಷೆಯಲ್ಲಿ ಕಾದೆಣ್ಣೆಯಿಂದ ಆಗಷ್ಟೇ ಎದ್ದ ಮಿರ್ಚಿಭಜಿ ಪ್ರಥಮ ದರ್ಜೆಯಲ್ಲಿ ಉತ್ತೀರ್ಣವಾಗುತ್ತದೆ; ಮುಂಜಾನೆಯೇ ಹೆಚ್ಚಿಟ್ಟ ಉಳ್ಳಾಗಡ್ಡಿ ನಪಾಸಾಗುತ್ತದೆ; ಪ್ರವಾಸಿಯು ಎರಡನ್ನೂ ತಿಂದು ಸರಾಸರಿ ಅಂಕದ ಮೇಲೆ ಪಾರಾಗುತ್ತಾನೆ. ದೂರದ ಊರಿಗಾದರೆ ಬುತ್ತಿಯೇ ಪ್ರಮಾಣ. ಖಡಕ್ ರೊಟ್ಟಿಯಲ್ಲಿ, ಅಂದರೆ ತೇವವೆಲ್ಲ ಆರುವಂತೆ ಒಣಗಿಸಿದ ಜೋಳದ ರೊಟ್ಟಿಯಲ್ಲಿ, ಬೂಸ್ಟು ಬೆಳೆಯಲು ಬೇಕಾದ ನೀರೇ ಇರುವುದಿಲ್ಲ. ಶೇಂಗಾ ಹಿಂಡಿಯದೂ ಇದೇ ನ್ಯಾಯ. ನಡುರಾತ್ರಿ ಪುಣೆಯ ಬಸ್ಸಿನಲ್ಲಿ ರೊಟ್ಟಿಯನ್ನು ಮುರಿದಾಗ ಏಳುವ ಸದ್ದು ಸಹಪ್ರಯಾಣಿಕರ ಆರೋಗ್ಯಕ್ಕೆ ಸಂಬಂಧಿಸಿದ್ದಾದ್ದರಿಂದ ಪ್ರಸ್ತುತ ಗ್ರಂಥದ ವ್ಯಾಪ್ತಿಗೆ ಬಾರದು. ಇಷ್ಟಾದರೂ ಹೊಟ್ಟೆ ಕೆಟ್ಟರೆ ಆಗುವ ನಿರ್ಜಲೀಕರಣಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ಪರಿಷ್ಕರಿಸಿದ ಸೂತ್ರವು ಒಂದು ಲೀಟರ್ ನೀರಿಗೆ ಬೇರೆ ಲವಣಗಳೊಂದಿಗೆ 13.5 ಗ್ರಾಂ ಗ್ಲೂಕೋಸನ್ನೂ 2.6 ಗ್ರಾಂ ಉಪ್ಪನ್ನೂ ತೂಗಿ ಬೆರೆಸುತ್ತದೆ. ಈ ಸೀಮೆಯ ಸಂಪ್ರದಾಯವೋ, ಬಂದವರಿಗೆ ಮೊದಲು ಬೆಲ್ಲ-ನೀರನ್ನೂ ಆಮೇಲೆ ಉಪ್ಪಿನ ಮಜ್ಜಿಗೆಯನ್ನೂ ಕೊಟ್ಟು, ಬೆರೆಸುವ ಹೊಣೆಯನ್ನು ಹೊಟ್ಟೆಗೇ ಬಿಡುತ್ತದೆ.

ಎರಡನೆಯದು ತಾಪಾಧಿಕರಣ. ಉಷ್ಣಾಂಶ 40 ಡಿಗ್ರಿ ದಾಟುವ ಬ್ಯಾಸಿಗೆಯಲ್ಲಿ ಹಸಿ ಟವೆಲ್ಲನ್ನು ತಲೆಗೆ ಸುತ್ತಿಕೊಂಡರೆ, ಒಣಗಾಳಿಗೆ ನೀರು ಆವಿಯಾಗುತ್ತ ತಲೆಯ ಶಾಖವನ್ನೂ ಕೊಂಡೊಯ್ಯುತ್ತದೆ. ಗಾಳಿಯಲ್ಲೇ ತೇವ ತುಂಬಿರುವ ಮುಂಬಯಿಯಲ್ಲಿ ಅದೇ ಟವೆಲ್ಲು ಹಸಿಯಾಗಿಯೇ ಉಳಿದು ಪ್ರವಾಸಿಗೆ ನೆಗಡಿಯನ್ನೂ ಶಾಸ್ತ್ರಕಾರರಿಗೆ ಮುಜುಗರವನ್ನೂ ತರುತ್ತದೆಯೆಂದು ಪೂರ್ವಪಕ್ಷಿಗಳು ಆಕ್ಷೇಪಿಸುವುದುಂಟು.

ಆದರೆ ಟವೆಲ್ಲಿನ ಪರಮಪ್ರಯೋಜನ ತಲೆಗಲ್ಲ, ಸೊಂಟಕ್ಕೆ. ನಿಂತು ಪಯಣಿಸಿದವನ ಸೊಂಟವನ್ನು ಯಾವ ಪಥ್ಯವೂ ಕಾಯಲಾರದಾದ್ದರಿಂದ ಆಸನಪ್ರಾಪ್ತಿಯೇ ಆರೋಗ್ಯದ ಮೂಲ. ಬಸ್ಸು ನಿಲ್ದಾಣದೊಳಗೆ ಇನ್ನೂ ತಿರುಗುತ್ತಿರುವಾಗಲೇ ಕಿಟಕಿಯಿಂದ ಟವೆಲ್ಲನ್ನು ಒಳಗೆಸೆದು ಸೀಟಿನ ಒಡೆತನ ಸ್ಥಾಪಿಸುವ ಕ್ರಿಯೆಗೆ ವಸ್ತ್ರಾರೋಪಣವೆಂದು ಹೆಸರು. ಕಿಟಕಿಯಿಂದ ಬಂದ ವಸ್ತ್ರವೇ ಮೊದಲೆಂದು ವಸ್ತ್ರವಾದಿಗಳೂ, ಬಾಗಿಲಿನಿಂದ ಬಂದ ದೇಹವೇ ಮೊದಲೆಂದು ದೇಹವಾದಿಗಳೂ ಸಾಧಿಸುತ್ತಾರೆ. ತೀರ್ಪು ಕೊಡಬೇಕಾದ ನಿರ್ವಾಹಕರು ಚಿಲ್ಲರೆ ಎಣಿಸುವುದರಲ್ಲಿ ಮಗ್ನರಾಗುತ್ತಾರೆ. ರಾಜ್ಯದ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ನೀಡುವ ಶಕ್ತಿ ಯೋಜನೆಯು 2023ರ ಜೂನ್ 11ರಂದು ಜಾರಿಗೆ ಬಂದ ಮೇಲೆ ಟವೆಲ್ಲಿಗೆ ಕೈಚೀಲವೆಂಬ ಬಲವಾದ ಪ್ರತಿವಾದಿ ಹುಟ್ಟಿಕೊಂಡಿತು. ತೂಕವುಳ್ಳ ವಾದವಾದ್ದರಿಂದ ಅದು ಗಾಳಿಗೆ ಹಾರುವುದಿಲ್ಲ. ಸೋತವರಿಗೆ ‘ಜರಾ ಸರೀರಿ’ ಎಂಬ ಮಂತ್ರವಿದೆ; ಅದನ್ನು ಉಚ್ಚರಿಸಿದೊಡನೆ ಇಬ್ಬರ ಸೀಟು ಮೂವರದಾಗುತ್ತದೆ, ಮೂರನೆಯವನ ಅರ್ಧಭಾಗ ಮಾತ್ರ ನಡುದಾರಿಯಲ್ಲಿ ಉಳಿಯುತ್ತದೆ.

ವಸ್ತ್ರಾರೋಪಣದ ಏಕೈಕ ದೋಷವೆಂದರೆ ಬೋರ್ಡು ಓದುವ ಕ್ರಿಯೆಯು ಎಸೆತದ ನಂತರ ಬರುವುದು. ಬಸ್ಸು ಮೋರಟಗಿಯದಲ್ಲ, ಮುದ್ದೇಬಿಹಾಳದ್ದೆಂದು ತಿಳಿದು ಟವೆಲ್ಲು ಹಿಂಪಡೆಯಲು ಒಳಹೊಕ್ಕ ಪ್ರವಾಸಿಗೆ, ಕಿಟಕಿಯ ಸೀಟು ನಿಜವಾಗಿಯೂ ತನ್ನದಾಗಿರುವುದನ್ನು ಕಂಡು, ಮುದ್ದೇಬಿಹಾಳದಲ್ಲೂ ಏನೋ ಒಂದು ಕೆಲಸವಿದ್ದದ್ದು ನೆನಪಾಗುವುದುಂಟು.