ಇಪ್ಪತ್ತೊಂದನೇ ವಯಸ್ಸಿನ ಕಿಟೆಲ್

"ಅಲ್ರೀ ಸರ, ಹುಡುಗಗ ನೌಕರಿ ಬಂತು ಅಂತ ಓಣಿಗೆಲ್ಲಾ ಪೇಢೆ ಹಂಚಿದ್ವಿ. ಈಗ ನೋಡಿದ್ರ ದಿನಾ ಫೋನ್ ಮಾಡಿ ಬ್ಯಾಸರ ಬ್ಯಾಸರ ಅಂತಾನ್ರೀ." ಬೇಲಿ ಆಚೆ ಬಟ್ಟೆ ಒಣಹಾಕುತ್ತಿದ್ದ ಪಕ್ಕದ ಮನೆ ಅಕ್ಕ ಮಾತು ತೆಗೆದರು. ಅವರ ಮಗ ಸುರಪುರ ತಾಲ್ಲೂಕಿನ ಹಳ್ಳಿಯೊಂದಕ್ಕೆ ಮಾಸ್ತರನಾಗಿ ಹೋಗಿದ್ದಾನೆ. ಹಾವೇರಿಯಲ್ಲಿ ಬೆಳೆದು ರಾಣೆಬೆನ್ನೂರಿನಲ್ಲಿ ಓದಿದವನಿಗೆ ಅಲ್ಲಿಯ ಬಿಸಿಲು ಹೊಸದು, ಮಂದಿಯ ಮಾತಿನ ಧಾಟಿ ಇನ್ನೂ ಹೊಸದು.

"ಅಕ್ಕಾರ, ಅವನಿಗಿಂತ ಸಣ್ಣ ವಯಸ್ಸಿನಾವ ಒಬ್ಬ ಸಮುದ್ರ ದಾಟಿ ನಮ್ಮ ಕಡೀಗೆ ಬಂದಿದ್ದ. ಕಿಟೆಲ್ ಅಂತ."

"ನಿಘಂಟು ಬರದವ್ರಲ್ರೀ? ಫೋಟೊದಾಗ ಉದ್ದ ಗಡ್ಡ ಐತಿ. ಅವ್ರು ಮುದುಕ್ರಲ್ಲೇನು?"

ನಮಗೆಲ್ಲ ಪರಿಚಯ ಇರುವುದು ಆ ಗಡ್ಡದ ಮುಖವೇ. ಆದರೆ ಬಾಸೆಲ್ ಮಿಶನ್ನಿನ ಕೆಲಸಕ್ಕೆಂದು 1853ರಲ್ಲಿ ಧಾರವಾಡಕ್ಕೆ ಬಂದಾಗ ಫರ್ಡಿನಾಂಡ್ ಕಿಟೆಲ್‌ಗೆ ವಯಸ್ಸು 21. ಜರ್ಮನಿಯ ಉತ್ತರ ಕರಾವಳಿ ಸೀಮೆಯ ರೆಸ್ಟರ್‌ಹಾಫೆಯಲ್ಲಿ ಹುಟ್ಟಿದ ಪಾದ್ರಿಯ ಮಗ. ಮಿಶನ್ ಮಂಗಳೂರಿಗೆ ಕಾಲಿಟ್ಟದ್ದು 1834ರಲ್ಲಿ. ಮೂರು ವರ್ಷದ ಮೇಲೆ ಘಟ್ಟ ಹತ್ತಿ ಧಾರವಾಡಕ್ಕೆ ಬಂತು. ಆಮೇಲೆ ಹುಬ್ಬಳ್ಳಿ, ಬೆಟಗೇರಿ. ಮಂಗಳೂರಿನಲ್ಲಿದ್ದ ಮಿಶನರಿಗಳಿಗೆ ಇದು ಬಡಗಣ ದೂರದ ಸೀಮೆ. ಅವರ ಕಾಗದಪತ್ರಗಳಲ್ಲಿ ಇದರ ಹೆಸರು 'ದಕ್ಷಿಣ ಮರಾಠಾ'. ನಮ್ಮ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಎಲ್ಲ ಆಗ ಧಾರವಾಡ ಜಿಲ್ಲೆಯೇ. 1997ರವರೆಗೂ ಹಾಗೇ ಇತ್ತು.

"ಆವಾಗ ಹೆಂಗ ತಿರುಗಾಡ್ತಿದ್ರೀ?" ಅಂದರು ಅಕ್ಕ.

ಮುಂಬೈ–ಠಾಣೆ ನಡುವೆ ಪ್ರಯಾಣಿಕರ ಮೊದಲ ರೈಲು ಓಡಿದ್ದೂ ಅದೇ 1853ರಲ್ಲಿ. ನಮ್ಮ ಕಡೆ ಹಳಿ ಬೀಳಲು ಇನ್ನೂ ಮೂವತ್ತು ವರ್ಷ ಬೇಕಾಯಿತು. ಇದ್ದದ್ದು ಕುದುರೆ, ಚಕ್ಕಡಿ, ಇಲ್ಲವೆ ಕಾಲು. ಕಿಟೆಲ್ ತಾಸುಗಟ್ಟಲೆ ನಡೆದೇ ಹಳ್ಳಿಗಳಿಗೆ ಹೋಗುತ್ತಿದ್ದರು. ಎರೆ ಭೂಮಿಯ ಮಳೆಗಾಲದ ದಾರಿ ಎಂಥದ್ದು ಎಂದು ನಮಗೆ ಹೇಳಿಕೊಡಬೇಕಿಲ್ಲ. ನಾಲ್ಕು ಹೆಜ್ಜೆ ಇಟ್ಟರೆ ಅಂಗಾಲಿಗೆ ಮಣ್ಣು ಮೆತ್ತಿ ಕಾಲು ಎತ್ತಲಾಗದು. ಸಂತೆ, ಜಾತ್ರೆಗಳಲ್ಲಿ ನಿಂತು ಉಪದೇಶ, ಶಾಲೆಯ ಕೆಲಸ, ಬಾಸೆಲಿಗೆ ವರದಿ: ಇದು ಆ ಕಾಲದ ಮಿಶನರಿಯ ದಿನಚರಿ. ಕಿಟೆಲ್ ಇದರ ಜೊತೆಗೆ ಈ ನೆಲದವರ ಹಾಗೆಯೇ ಬದುಕಬೇಕೆಂದು ಹೊರಟರು. ಅದು ಮಿಶನ್ನಿನ ಹಿರಿಯರಿಗೆ ಒಗ್ಗಲಿಲ್ಲ. ಆದರೂ ಈ ಹುಡುಗ ಜನರ ಮಾತು ಕಲಿಯುವುದನ್ನು ಬಿಡಲಿಲ್ಲ.

ಅಷ್ಟರಲ್ಲಿ ಪೇಪರ್ ಮಡಚಿಟ್ಟು ಮನೆಯ ಯಜಮಾನರೂ ಬೇಲಿ ಹತ್ತಿರ ಬಂದರು. "ಎಲ್ಲಾ ಖರೇ. ಆದ್ರ ಅವ್ರು ಬಂದಿದ್ದು ತಮ್ಮ ಧರ್ಮ ಹೇಳಾಕಲ್ರೀ?"

"ಹೌದ್ರೀ ಅಣ್ಣಾರ. ಅದನ್ನ ಮುಚ್ಚಿಡೂದು ಬ್ಯಾಡ."

ಕಿಟೆಲ್ ಕೂಡ ಅದನ್ನು ಮುಚ್ಚಿಟ್ಟವರಲ್ಲ. 1862ರ 'ಕಥಾಮಾಲೆ'ಯಲ್ಲಿ ಯೇಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲೇ ಹಾಡಿದರು. ಹೇಳಬೇಕಾದರೆ ಮೊದಲು ಕೇಳಬೇಕಾಯಿತು. ಕೇಳುತ್ತ ಕೇಳುತ್ತ ಕನ್ನಡವೇ ಅವರ ಬಾಳಿನ ಕೆಲಸವಾಯಿತು. ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು 1872ರಲ್ಲಿ, ನಾಗವರ್ಮನ 'ಛಂದೋಂಬುಧಿ'ಯನ್ನು 1875ರಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದರು. 1894ರಲ್ಲಿ ಮಂಗಳೂರಿನಲ್ಲಿ ನಿಘಂಟು ಹೊರಬಂತು, ಸುಮಾರು 70,000 ಪದಗಳದು.

ಆ ದಪ್ಪ ಪುಸ್ತಕವನ್ನು ಒಮ್ಮೆ ತೆರೆದು ನೋಡಿ. ಹಳೆಯ ಕಾವ್ಯದಿಂದ ತೆಗೆದ ಮಾತಿಗೆ ಆ ಕಾವ್ಯದ ಗುರುತು ಇದೆ. ಮೈಸೂರು ಸೀಮೆಯ ಮಾತಿಗೆ ಮೈಸೂರಿನ ಗುರುತು, ನಮ್ಮ ಕಡೆಯ ಮಾತಿಗೆ ದಕ್ಷಿಣ ಮರಾಠಾದ ಗುರುತು, ಗಾದೆಗೆ ಗಾದೆಯ ಗುರುತು. ಹಳೆಯ ಕವಿಯ ಪದದ ಬದಿಯಲ್ಲೇ ಒಕ್ಕಲಿಗನ ಕಣದ ಪದ ಕೂತಿದೆ. ನಮ್ಮ ಆಡುಮಾತನ್ನು ಒರಟು ಎಂದು ಬದಿಗೆ ಸರಿಸದೆ ಅವರು ಅದಕ್ಕೆ ಸೀಮೆಯ ಹೆಸರು ಹಚ್ಚಿ ಕಾಪಾಡಿದರು. ಧರ್ಮದ ವಿಚಾರದಲ್ಲಿ ಅವರನ್ನು ಒಪ್ಪದವರೂ ಈ ಋಣವನ್ನು ಒಪ್ಪಲೇಬೇಕು.

"ನಮ್ಮ ಹುಡುಗ ಏನ್ ಮಾಡ್ಬೇಕ್ರೀ ಹಂಗಾರ?" ಅಕ್ಕನಿಗೆ ಮಗನ ಚಿಂತೆ.

"ಶಾಲಿ ಬಿಟ್ಟಮ್ಯಾಲೆ ರೂಮಿಗೆ ಹೋಗಿ ಮೊಬೈಲ್ ಹಿಡಿಯೂದು ಬ್ಯಾಡ ಅನ್ರೀ. ಗುಡಿ ಕಟ್ಟಿಗೆ ಹೋಗಿ ಕುಂದ್ರಲಿ. ಹಿರೇರು ಮಾತಾಡೂದು ಕೇಳ್ಲಿ. ತಿಳೀದಿದ್ರ, ಹಂಗಂದ್ರ ಏನ್ರಿ ಅಂತ ಕೇಳ್ಲಿ. ಹಂಗ ಕೇಳಿದ ಮಾಸ್ತರನ್ನ ಊರು ಬಿಟ್ಟುಕೊಡೂದಿಲ್ಲ."

ಈ ಮಾತು ಸುರಪುರಕ್ಕೆ ಹೋದವನಿಗೆ ಮಾತ್ರವಲ್ಲ, ನಮ್ಮ ಕಡೆ ವರ್ಗವಾಗಿ ಬರುವ ಬ್ಯಾಂಕಿನವರು, ಡಾಕ್ಟರು, ಕೃಷಿ ಅಧಿಕಾರಿಗಳಿಗೂ ಸಲ್ಲುತ್ತದೆ. ಸುಗ್ಗಿ ಕಾಲದಲ್ಲಿ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಗೆ ಹೋಗಿ ಒಂದು ತಾಸು ನಿಲ್ಲಲಿ. ಡಬ್ಬಿ ಯಾವುದು, ಕಡ್ಡಿ ಯಾವುದು ಎಂದು ನೋಡಿದ ಕೂಡಲೇ ಹೇಳುವ ರೈತ, ಕಾಯನ್ನು ಅಂಗೈಯಲ್ಲಿ ಹಿಚುಕಿ ತೇವ ಅಳೆಯುವ ಖರೀದಿದಾರ, ಸಾಲಾಗಿ ಕೂತು ತೊಟ್ಟು ಬಿಡಿಸುತ್ತ ಮನೆಯ ಕಷ್ಟಸುಖ ಆಡುವ ಹೆಣ್ಣುಮಕ್ಕಳು. ಅಲ್ಲಿಗೆ ಬರುವ ಬಳ್ಳಾರಿ ಕಡೆಯವರ ಕನ್ನಡ ಒಂದು, ನಮ್ಮದು ಒಂದು. ಸಾಲ ಯಾಕೆ ತೀರಲಿಲ್ಲ, ಮಗುವನ್ನು ಶಾಲೆ ಯಾಕೆ ಬಿಡಿಸಿದರು ಎಂಬುದು ಅಂಥ ಮಾತಿನಲ್ಲಿ ತಿಳಿದಷ್ಟು ಅರ್ಜಿಯಲ್ಲಿ ತಿಳಿಯುವುದಿಲ್ಲ.

ಕಿಟೆಲ್ 1903ರಲ್ಲಿ ಟ್ಯೂಬಿಂಗೆನ್‌ನಲ್ಲಿ ತೀರಿಕೊಂಡರು. ಅವರ ನಿಘಂಟು ಇವತ್ತಿಗೂ ಕನ್ನಡದ ಕೆಲಸಕ್ಕೆ ಬೇಕು. ಅದಾದ ಮೇಲೆ ಎಷ್ಟೋ ಮಾತು ಹುಟ್ಟಿವೆ, ಎಷ್ಟೋ ಮಾತು ಹಿರಿಯರ ಜೊತೆಗೇ ಹೊರಟಿವೆ. ನಿಮ್ಮ ಮನೆಯ ಮಗನೋ ಮಗಳೋ ದೂರದ ಊರಿಗೆ ನೌಕರಿಗೆ ಹೊರಟರೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಡುವಾಗ ಒಂದು ಖಾಲಿ ನೋಟ್‌ಬುಕ್ಕನ್ನೂ ಇಡಿ. ಆ ಊರಿನವರ ಮಾತನ್ನು ಅದರಲ್ಲಿ ಬರೆದುಕೊಳ್ಳಲು ಹೇಳಿ.