ಹತ್ತನೇ ತರಗತಿ ‘ಬಿ’ ಸೆಕ್ಷನ್ನಿನ ಸ್ಮೃತಿ ಸಾಹಿತ್ಯ: ಶಾಸನ, ಪಾಠಾಂತರ ಮತ್ತು ಉಪ್ಪಿಟ್ಟು

ಕರ್ನಾಟಕದ ಇತಿಹಾಸಕ್ಕೆ ಆಕರಗಳ ಬರ ಬಂದದ್ದೇ ಇಲ್ಲ. ಬಿ.ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕ’ದ ಸಂಪುಟಗಳಲ್ಲಿ ಒಂಬತ್ತು ಸಾವಿರದ ಹತ್ತಿರ ಶಾಸನಗಳನ್ನು ಕಲೆಹಾಕಿದರು. ಆರ್. ನರಸಿಂಹಾಚಾರ್ಯರು ‘ಕವಿಚರಿತೆ’ಯಲ್ಲಿ ಹೆಸರು ಮಾತ್ರ ಉಳಿದ ಕವಿಗಳನ್ನೂ ಬಿಡದೆ ದಾಖಲಿಸಿದರು. ಇಷ್ಟಾದರೂ ಒಂದು ಆಕರ ಮಾತ್ರ ಈ ಮಹನೀಯರ ಕಣ್ಣು ತಪ್ಪಿಸಿಕೊಂಡಿತು. ಅದು ಪ್ರೌಢಶಾಲೆಯ ಹಿಂದಿನ ಬೆಂಚು. ಪ್ರತಿವರ್ಷ ಫೆಬ್ರವರಿ ಹೊತ್ತಿಗೆ ರಾಜ್ಯದ ಎಂಟು ಲಕ್ಷಕ್ಕೂ ಮೇಲ್ಪಟ್ಟ ಎಸ್ಸೆಸ್ಸೆಲ್ಸಿ ವಿದ್ಯಾರ್ಥಿಗಳು ತಮ್ಮ ಮೂರು ವರ್ಷಗಳ ಕಡೆಗೆ ಏಕಕಾಲಕ್ಕೆ ತಿರುಗಿ ನೋಡುತ್ತಾರೆ. ಇಷ್ಟು ಜನ ಒಟ್ಟಿಗೆ ಸೃಷ್ಟಿಸುವ ಸಾಹಿತ್ಯದ ಮೇಲೆ ಈವರೆಗೆ ಒಂದೇ ಒಂದು ಪಿಎಚ್‌.ಡಿ. ಪ್ರಬಂಧವೂ ಕಣ್ಣಿಗೆ ಬಿದ್ದಿಲ್ಲದಿರುವುದು ನಮ್ಮ ವಿದ್ವತ್ತಿಗೆ ಅಂಟಿದ ಕಳಂಕವೆಂದೇ ಹೇಳಬೇಕು.

ಬೆಂಚು ಶಾಸನಗಳಿಂದ ಆರಂಭಿಸುವುದು ಕ್ರಮ. ಬರೆಯುವ ಸಾಧನ ಕೈವಾರದ ಮೊನೆ ಅಥವಾ ಡಿವೈಡರ್. ಕಂಪಾಸ್ ಬಾಕ್ಸಿನಲ್ಲಿ ಈ ಎರಡನೆಯದನ್ನು ಗಣಿತಕ್ಕೆ ಬಳಸಿದ ನಿದರ್ಶನಗಳು ತೀರಾ ವಿರಳ. ಮೊದಲು ಮೊನೆಯಿಂದ ಕೊರೆದು, ಆಮೇಲೆ ಆ ಗೀರಿನೊಳಕ್ಕೆ ನೀಲಿ ಬಾಲ್‌ಪೆನ್ ಓಡಿಸಿ, ಹೆಬ್ಬೆರಳಿನಿಂದ ತಿಕ್ಕುವುದು ಪದ್ಧತಿ. ಲಿಪಿಲಕ್ಷಣವನ್ನು ಗಮನಿಸಿದರೆ ಒಂದು ಕುತೂಹಲಕರ ಸಂಗತಿ ಎದುರಾಗುತ್ತದೆ. ತಾಳೆಗರಿಯ ಮೇಲೆ ನೇರ ಗೀಟು ಎಳೆದರೆ ಗರಿ ಸೀಳುತ್ತದೆ ಎಂಬ ಕಾರಣಕ್ಕೆ ಕನ್ನಡದ ಅಕ್ಷರಗಳು ದುಂಡಗಾದವು ಎಂಬ ವಾದವೊಂದಿದೆ. ಮರದ ಬೆಂಚಿನಲ್ಲಿ ಇದು ತಿರುಗುಮುರುಗು: ನಾರಿನ ಗುಂಟ ಎಳೆದ ನೇರ ಗೆರೆ ಸಲೀಸಾಗಿ ಹೋಗುತ್ತದೆ, ದುಂಡು ತಿರುವಿದರೆ ಮೊನೆ ಜಾರಿ ಕೈಗೆ ಚುಚ್ಚುತ್ತದೆ. ಕನ್ನಡ ಮಾಧ್ಯಮದ ಅಪ್ಪಟ ಪ್ರೇಮಿಯೂ ತನ್ನ ಇನಿಷಿಯಲ್ಲನ್ನು ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಕೆತ್ತಿರುವುದರ ಹಿಂದೆ ಭಾಷಾದ್ರೋಹವನ್ನು ಹುಡುಕುವ ಅಗತ್ಯವಿಲ್ಲ; ಹಲಸಿನ ಹಲಗೆಯ ಒತ್ತಾಯ ಸಾಕು.

ಕಾಲನಿರ್ಣಯದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ‘ಅಪ್ಪು’ ಎಂಬ ಎರಡಕ್ಷರದ ಶಾಸನವನ್ನು ಅದೇ ಹೆಸರಿನ ಸಿನಿಮಾ ಬಂದ 2002ರ ನಂತರದ್ದೆಂದು ಹೇಳುವುದು ಸುಲಭ. ಅದರ ಪಕ್ಕ ದೀಪದ ಚಿತ್ರವಿದ್ದರೆ ಆ ಸಿನಿಮಾದ ನಾಯಕನಟ ತೀರಿಕೊಂಡ 2021ರ ಅಕ್ಟೋಬರ್ 29ರ ಈಚಿನದೆಂದು ತಿಳಿಯಬೇಕು. ‘ಈ ಸಲ ಕಪ್ ನಮ್ದೇ’ ಎಂಬುದು ಹೆಚ್ಚು ತೊಡಕಿನದು. ಆರ್‌ಸಿಬಿ ಮೊದಲ ಸಲ ಐಪಿಎಲ್ ಗೆದ್ದದ್ದು 2025ರ ಜೂನ್ 3ರಂದು. ಅದಕ್ಕೂ ಮುಂಚಿನ ಬೆಂಚುಗಳಲ್ಲಿ ಸಿಗುವ ಈ ಪಾಠವನ್ನು ಇತಿಹಾಸವೆನ್ನುವಂತಿಲ್ಲ, ಸುಳ್ಳೆನ್ನುವ ಧೈರ್ಯವೂ ಯಾರಿಗಿಲ್ಲ. ಭಕ್ತಿ ಸಾಹಿತ್ಯದ ಕಪಾಟಿಗೆ ಸೇರಿಸಿರುವುದು ಸದ್ಯದ ವ್ಯವಸ್ಥೆ. ಇನ್ನು ಬೆಂಚಿನ ಬಲತುದಿಯಲ್ಲಿ, ಅಂಗೈ ಮುಚ್ಚುವಷ್ಟೇ ಜಾಗದಲ್ಲಿ, ತ್ರಿಕೋನಮಿತಿಯ ಸೂತ್ರಗಳು ಸಣ್ಣಕ್ಷರದಲ್ಲಿ ದೊರೆಯುತ್ತವೆ. ಇವು ಜ್ಞಾನಪ್ರಸಾರದ ಉದ್ದೇಶದವೆಂದು ಮುಂದಿನ ಬೆಂಚಿನ ಪಂಥ ನಂಬುತ್ತದೆ. ಹಿಂದಿನ ಬೆಂಚಿನ ಪಂಥ ಈ ಬಗ್ಗೆ ಹೇಳಿಕೆ ಕೊಟ್ಟಿಲ್ಲ.

ಶಾಸನಗಳಲ್ಲೇ ವಿಶಿಷ್ಟವಾದದ್ದು ದಾನಶಾಸನ. ಹೊರಟುನಿಂತ ತಂಡ ಶಾಲೆಗೊಂದು ಕಾಣಿಕೆ ಕೊಟ್ಟೇ ಹೋಗಬೇಕೆಂಬುದು ಅಲಿಖಿತ ಕಟ್ಟಳೆ. ಗೋಡೆ ಗಡಿಯಾರ, ಸರಸ್ವತಿಯ ಫೋಟೊ, ಪ್ಲಾಸ್ಟಿಕ್ ಕುರ್ಚಿ, ದುಡ್ಡು ಚೆನ್ನಾಗಿ ಎದ್ದ ವರ್ಷ ಗಾಡ್ರೇಜ್ ಬೀರು. ಅದರ ಮೇಲೆ ಕೆಂಪು ಆಯಿಲ್ ಪೇಂಟಿನಲ್ಲಿ ‘ಇಷ್ಟನೇ ಸಾಲಿನ ವಿದ್ಯಾರ್ಥಿಗಳ ಕೊಡುಗೆ’ ಎಂದು ಬರೆಸುವುದು, ಕಾಣಿಕೆಗಿಂತ ಬರಹ ದೊಡ್ಡದಾಗಿರುವಂತೆ ನೋಡಿಕೊಳ್ಳುವುದು ಸಂಪ್ರದಾಯ. ಹಳೆಯ ದಾನಿಗಳಿಗೂ ಇವರಿಗೂ ಇರುವ ವ್ಯತ್ಯಾಸ ಇಲ್ಲಿ ಎದ್ದು ಕಾಣುತ್ತದೆ. ದೇವಸ್ಥಾನಕ್ಕೆ ನಂದಾದೀಪ ಕೊಟ್ಟ ಹಿಂದಿನವರು ಎಣ್ಣೆಗೆಂದು ಗಾಣದ ಆದಾಯವನ್ನೂ ಬಿಟ್ಟುಕೊಡುತ್ತಿದ್ದರು, ದತ್ತಿ ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆ ಕೊಂದ ಪಾಪ ತಟ್ಟಲೆಂದು ಕೊನೆಯಲ್ಲಿ ಶಾಪವನ್ನೂ ಕೆತ್ತಿಸುತ್ತಿದ್ದರು. ‘ಬಿ’ ಸೆಕ್ಷನ್ ಗಡಿಯಾರ ಕೊಟ್ಟಿತು, ಬ್ಯಾಟರಿಗೆ ಏರ್ಪಾಡು ಮಾಡಲಿಲ್ಲ. ಆದ್ದರಿಂದ ಸ್ಟಾಫ್ ರೂಮಿನ ಗೋಡೆಯ ಮೇಲೆ ಹಲವು ಬ್ಯಾಚುಗಳು ಹಲವು ಹೊತ್ತಿನಲ್ಲಿ ನಿಂತಿವೆ.

ಇನ್ನು ಮೌಖಿಕ ಆಕರಗಳು. ಬೀಳ್ಕೊಡುಗೆ ಭಾಷಣವು ಚಂಪೂಕಾವ್ಯದಷ್ಟೇ ಕಟ್ಟುನಿಟ್ಟಿನ ಪ್ರಕಾರ. ಮುಖ್ಯೋಪಾಧ್ಯಾಯರಿಂದ ಹಿಡಿದು ‘ನನ್ನ ನೆಚ್ಚಿನ ಸಹಪಾಠಿಗಳೇ’ ತನಕ ಪೀಠಿಕಾಸಂಧಿ. ನಂತರ ಮೂರು ವರ್ಷ ಮೂರು ದಿನದಂತೆ ಕಳೆದುಹೋಯಿತೆಂಬ ಕಾಲವರ್ಣನೆ. ನಂತರ ‘ತಪ್ಪಿದ್ದರೆ ಕ್ಷಮಿಸಿ’ ಎಂಬ ಫಲಶ್ರುತಿ. ಕಾಲವರ್ಣನೆಯ ಭಾಗ ಪ್ರಕ್ಷಿಪ್ತವೆಂದು ಶಂಕಿಸಲು ಬಲವಾದ ಆಧಾರವಿದೆ. ಇದೇ ಭಾಷಣಕಾರ್ತಿ ಜನವರಿಯಲ್ಲಿ, ಪಿ.ಟಿ. ಪೀರಿಯಡ್ಡನ್ನು ಗಣಿತದ ಮೇಷ್ಟ್ರು ಸತತವಾಗಿ ಕಿತ್ತುಕೊಂಡಾಗ, ನಲವತ್ತು ನಿಮಿಷಕ್ಕೆ ಯುಗದ ಅಳತೆ ಹೇಳಿದ್ದಳೆಂಬುದಕ್ಕೆ ರಫ್ ನೋಟಿನ ಕೊನೆಯ ಪುಟ ಸಾಕ್ಷಿ. ಅಳು ಬರುವುದು ಸಾಮಾನ್ಯವಾಗಿ ಎರಡನೆಯ ಭಾಷಣದ ನಡುವೆ. ಮೊದಲು ಹುಡುಗಿಯರ ಸಾಲಿನಲ್ಲಿ ಶುರುವಾಗಿ, ಹಿಂದಿ ಮೇಡಂ ಅವರನ್ನು ದಾಟಿ, ಹುಡುಗರ ಸಾಲಿಗೆ ತಲುಪುವಷ್ಟರಲ್ಲಿ ಉಪ್ಪಿಟ್ಟು–ಕೇಸರಿಬಾತಿನ ಪಾತ್ರೆ ಬಂದಿರುತ್ತದೆ. ಹುಡುಗರು ಅತ್ತರೋ ಇಲ್ಲವೋ ಎಂಬ ಚರ್ಚೆ ಹೀಗಾಗಿ ಇನ್ನೂ ಇತ್ಯರ್ಥವಾಗಿಲ್ಲ.

ಈ ಭಾಷಣಗಳಲ್ಲಿ ನಿಜಕ್ಕೂ ಬರಬೇಕಾದದ್ದು ಬರುವುದಿಲ್ಲ ಎಂಬುದು ಪ್ರಸ್ತುತ ಪ್ರಬಂಧದ ಆಕ್ಷೇಪ. ಹತ್ತನೇ ತರಗತಿಯ ಕೊನೆಯ ತಿಂಗಳುಗಳ ಗ್ರಾಮೀಣ ಸರ್ಕಾರಿ ಶಾಲೆಯ ಬದುಕು ಮೇಷ್ಟ್ರುಗಳ ಬೆಳಗಿನ ಜಾವದ ಮಿಸ್ಡ್ ಕಾಲಿನಿಂದ ಶುರುವಾಗುತ್ತದೆ. ಓದಲು ಎದ್ದಿದ್ದಾರೋ ಇಲ್ಲವೋ ಎಂದು ಮನೆಬಾಗಿಲಿಗೇ ಬಂದು ನೋಡುವವರಿದ್ದಾರೆ. ಹಿಂದುಳಿದ ಮಕ್ಕಳನ್ನು ಒಬ್ಬೊಬ್ಬ ಶಿಕ್ಷಕರಿಗೆ ‘ದತ್ತು’ ಕೊಡುವ ಪದ್ಧತಿಯಿದೆ. ದತ್ತಕ ಸ್ವೀಕಾರದ ಧರ್ಮಶಾಸ್ತ್ರದಲ್ಲಿ ಇಲ್ಲದ ಒಂದು ನಿಯಮ ಇದಕ್ಕುಂಟು: ಪುತ್ರನು ಪಾಸಾದ ತಕ್ಷಣ ದತ್ತು ರದ್ದಾಗುತ್ತದೆ. ‘ಪಾಸಿಂಗ್ ಪ್ಯಾಕೇಜ್’ ಎಂಬ ಕಿರುಗ್ರಂಥವೂ ಈ ಅವಧಿಯ ಕೃತಿಯೇ. ಥೇಲ್ಸ್ ಪ್ರಮೇಯ, ಪೈಥಾಗರಸ್ ಪ್ರಮೇಯ, ಕಣ್ಣಿನ ಚಿತ್ರ, ಭಾರತದ ನಕ್ಷೆ, ಒಂದು ಪದ್ಯ, ಒಂದು ರಜಾ ಅರ್ಜಿ, ಇಷ್ಟರಲ್ಲಿ ಮೋಕ್ಷ. ಭಾರತದ ನಕ್ಷೆಯನ್ನು ಇಪ್ಪತ್ತು ಸಲ ಬರೆದ ಕೈ ಗುಜರಾತನ್ನು ಕಣ್ಣುಮುಚ್ಚಿಯೂ ತಿರುವಬಲ್ಲದು. ಶ್ರೀಲಂಕಾದ ಜಾಗ ಮಾತ್ರ ಪರಂಪರೆಯಿಂದಲೂ ಅನಿಶ್ಚಿತ.

ಅಧಿಕೃತ ಗ್ರಂಥವೆಂದರೆ ಅಂಕಪಟ್ಟಿ. ಒಟ್ಟು 625. ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ತಲಾ 100. ಪ್ರಶ್ನೆಪತ್ರಿಕೆಯನ್ನು ಸುಮ್ಮನೆ ಓದಲೆಂದೇ 15 ನಿಮಿಷ ಕೊಡುತ್ತಾರೆ. ಇಡೀ ವರ್ಷದಲ್ಲಿ ಪೂರ್ಣ ಏಕಾಗ್ರತೆಯಿಂದ ಓದಿದ್ದು ಅದೊಂದೇ ಎಂದು ಹಲವು ಸಾಧಕರು ಒಪ್ಪಿಕೊಂಡಿದ್ದಾರೆ. ‘ಮೂವತ್ತೈದು’ ಎಂಬ ಸಂಖ್ಯೆಗೆ ತಲೆಮಾರುಗಳಿಂದ ಇದ್ದ ಪಾವಿತ್ರ್ಯ ಈಚೆಗೆ ಅಲುಗಿದೆ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂದು, ವೆಬ್‌ಕಾಸ್ಟಿಂಗ್ ಶುರುವಾದಾಗ, ಕೃಪಾಂಕವನ್ನು ಏರಿಸಿದ ಮೇಲೂ ಫಲಿತಾಂಶ ಶೇ 73.40ಕ್ಕೆ ನಿಂತಿತು. ಹಿಂದಿನ ವರ್ಷ ಅದು 83.89 ಇತ್ತು. ಕೃಪಾಂಕದ ಆ ಏರಿಕೆಯಿಲ್ಲದ 2025ರಲ್ಲಿ, ಮೊದಲ ಪರೀಕ್ಷೆಯಲ್ಲಿ, 62.34. ಈ ಇಳಿತಕ್ಕೆ ಕಾರಣ ಮಕ್ಕಳೋ ಕ್ಯಾಮೆರಾವೋ ಎಂಬುದರ ಬಗ್ಗೆ ಇಲಾಖೆಯ ಹೊರಗೆ ಯಾರಿಗೂ ಗೊಂದಲವಿದ್ದಂತೆ ಕಾಣದು. ಅಂದರೆ ನೂರಕ್ಕೆ ಮೂವತ್ತೇಳೆಂಟು ಜನ ಫೆಬ್ರವರಿಯಲ್ಲಿ ಅಪ್ಪಿಕೊಂಡು ಅತ್ತು ಬೀಳ್ಕೊಂಡವರು ಮೇ ತಿಂಗಳಲ್ಲಿ ‘ಪರೀಕ್ಷೆ–2’ಕ್ಕೆಂದು ಅದೇ ಗೇಟಿನಲ್ಲಿ ಮತ್ತೆ ಕಾಣಿಸಿಕೊಳ್ಳಬೇಕು. ಇವರಿಗೆ ಎರಡನೆಯ ಬೀಳ್ಕೊಡುಗೆ ಇಲ್ಲ, ಉಪ್ಪಿಟ್ಟೂ ಇಲ್ಲ.

ಎಲ್ಲ ಬ್ಯಾಚುಗಳ ನಡುವೆ ಪ್ರತ್ಯೇಕ ಅಧ್ಯಾಯ ಬೇಡುವುದು 2021ರದು. ಇದರ ಬೆಂಚು ಶಾಸನಗಳು ಬಹುತೇಕ ಶೂನ್ಯ, ಏಕೆಂದರೆ ಹತ್ತನೇ ತರಗತಿಯ ಬಹುಕಾಲ ಬೆಂಚೇ ಇರಲಿಲ್ಲ. 2020ರ ಆಗಸ್ಟಿನಲ್ಲಿ ‘ವಿದ್ಯಾಗಮ’ ಆರಂಭವಾಗಿ ದೇವಸ್ಥಾನದ ಜಗಲಿ, ಅರಳಿಕಟ್ಟೆ, ಸಮುದಾಯ ಭವನಗಳಲ್ಲಿ ಪಾಠ ನಡೆಯಿತು. ಮನೆಯಲ್ಲಿ ಚಂದನ ವಾಹಿನಿಯ ‘ಸಂವೇದ’. ಅರಳಿಕಟ್ಟೆಯ ಕಲ್ಲು ಕೈವಾರಕ್ಕೆ ಬಗ್ಗುವುದಿಲ್ಲ. ಪರೀಕ್ಷೆ ಜುಲೈ 19 ಮತ್ತು 22ರಂದು, ಎರಡೇ ದಿನ, ಓಎಂಆರ್ ಹಾಳೆಯಲ್ಲಿ ಗುಂಡಿ ತುಂಬುವ ಮಟ್ಟಕ್ಕೆ ಮುಗಿಯಿತು. ಎಂಟು ಲಕ್ಷಕ್ಕೂ ಹೆಚ್ಚು ಮಂದಿ ಬರೆದು, ಒಬ್ಬರನ್ನು ಬಿಟ್ಟು ಎಲ್ಲರೂ ಪಾಸಾದರು. ಆ ಒಬ್ಬರ ಪರೀಕ್ಷೆಯನ್ನು ಬೇರೆ ಯಾರೋ ಬರೆದಿದ್ದರು. ಈ ತಂಡದವರು ‘ನಮ್ಮದು ಕೊರೊನಾ ಬ್ಯಾಚು’ ಎಂದು ಹೇಳುವಾಗ ಮುಖದಲ್ಲಿ ಒಂದು ನಗು ಬರುತ್ತದೆ. ಉಳಿದವರು ಅದನ್ನು ಸೋಮಾರಿಯ ಅದೃಷ್ಟವೆಂದು ಓದುತ್ತಾರೆ. ವಾರ್ಷಿಕೋತ್ಸವ, ಪ್ರವಾಸ, ಗ್ರೂಪ್ ಫೋಟೊ ಯಾವುದೂ ಇಲ್ಲದೆ ಶಾಲೆ ಮುಗಿಸಿದವರ ನಗುವನ್ನು ಹಾಗೆ ಓದುವುದು ಪಾಠದೋಷ.

ಗ್ರೂಪ್ ಫೋಟೊದ ವಿಚಾರಕ್ಕೆ ಬಂದರೆ, ಅದರ ವಿನ್ಯಾಸ ಯಾವ ದರ್ಬಾರಿಗೂ ಕಡಿಮೆಯಿಲ್ಲ. ನಡುವೆ ಮುಖ್ಯೋಪಾಧ್ಯಾಯರು, ಇಕ್ಕೆಲದಲ್ಲಿ ಸೀನಿಯಾರಿಟಿ ಪ್ರಕಾರ ಶಿಕ್ಷಕರು, ತುದಿಯ ಕುರ್ಚಿಯಲ್ಲಿ ಕ್ಲರ್ಕು, ನೆಲದ ಮೇಲೆ ಸ್ಲೇಟು ಹಿಡಿದ ಕುಳ್ಳ, ಹಿಂದೆ ಬೆಂಚಿನ ಮೇಲೆ ನಿಂತ ಉದ್ದನೆಯವರು. ಆ ಬೆಂಚು ಅಲುಗಿದ ಕ್ಷಣವೇ ಕ್ಯಾಮೆರಾ ಕ್ಲಿಕ್ಕಾಗುವುದು ನಿಯಮ. ಆದರೆ ಇತಿಹಾಸಕಾರ ಫೋಟೊದ ಜೊತೆಗೆ ಹಾಜರಿ ಪುಸ್ತಕವನ್ನೂ ಇಟ್ಟುಕೊಂಡು ನೋಡಬೇಕು. ಎಂಟನೇ ತರಗತಿಯ ಹಾಜರಿಯಲ್ಲಿ ಕೆಲವು ಹೆಸರುಗಳ ಮೇಲೆ ಸ್ಕೇಲಿಟ್ಟು ಎಳೆದ ಕೆಂಪು ಗೆರೆ ಇದೆ. ಅಂಚಿನಲ್ಲಿ ‘ಟಿ.ಸಿ.’ ಅಥವಾ ‘ದೀರ್ಘ ಗೈರು’ ಎಂಬ ಷರಾ. ಕಾಫಿ ತೋಟಕ್ಕೆ ಹೋದ ಮನೆ, ಗಾರ್ಮೆಂಟ್ಸಿಗೆ ಸೇರಿದ ಹುಡುಗಿ, ಗ್ಯಾರೇಜಿಗೆ ಹೋದ ಹುಡುಗ. ಎಂಟರಲ್ಲಿ ಸರ್ಕಾರ ಕೊಟ್ಟ ಸೈಕಲ್ಲು ಕೆಲವರನ್ನು ಹತ್ತರ ತನಕ ಎಳೆದು ತಂದಿತು. 2006–07ರಲ್ಲಿ ಶುರುವಾದ ಆ ಯೋಜನೆ ಕೋವಿಡ್ ಹೊತ್ತಿಗೆ ನಿಂತೂ ಹೋಯಿತು. ಬೀಳ್ಕೊಡುಗೆಯ ಯಾವ ಭಾಷಣದಲ್ಲೂ ಕೆಂಪು ಗೆರೆಯವರ ಹೆಸರಿಲ್ಲ.

ಇದರ ಪರಿಣಾಮ ಉತ್ತರಕಾಲೀನ ಸಾಹಿತ್ಯದಲ್ಲಿ, ಅಂದರೆ ಇಪ್ಪತ್ತೈದು ವರ್ಷದ ನಂತರದ ‘ಗುರುವಂದನೆ’ಯಲ್ಲಿ ಢಾಳಾಗಿ ಕಾಣುತ್ತದೆ. ಮಕ್ಕಳನ್ನು ಹೊಡೆಯುವುದನ್ನು ನಿಷೇಧಿಸಿದ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬರುವ ಮುಂಚಿನ ಯುಗವನ್ನು ‘ಬೆತ್ತಯುಗ’ ಎಂದು ಕರೆಯುವುದು ವಾಡಿಕೆ. ಆ ಯುಗದ ಹಳೆಯ ವಿದ್ಯಾರ್ಥಿಗಳು ಅತಿ ಹೆಚ್ಚು ಹೊಡೆದ ಮೇಷ್ಟ್ರನ್ನೇ ಹುಡುಕಿ, ಮೈಸೂರು ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟು, ‘ನೀವು ಹೊಡೆದಿದ್ದಕ್ಕೇ ಉದ್ಧಾರವಾದೆವು ಸಾರ್’ ಎಂದು ಮೈಕಿನಲ್ಲಿ ಹೇಳುತ್ತಾರೆ. ಹೊಡೆತಕ್ಕೆ ಹೆದರಿ ಒಂಬತ್ತಕ್ಕೇ ಶಾಲೆ ಬಿಟ್ಟವನು ಆ ಸಭೆಗೆ ಬಂದಿರುವುದಿಲ್ಲ. ಬಂದರೂ ಶಾಮಿಯಾನ ಕಟ್ಟಲು ಬಂದಿರುತ್ತಾನೆ. ಅವನ ಕೈಗೆ ಮೈಕು ಸಿಗುವುದು ‘ಹಲೋ, ಒನ್ ಟು ತ್ರೀ’ ಎನ್ನುವಷ್ಟು ಹೊತ್ತು ಮಾತ್ರ. ಬೆತ್ತದ ಮಹಿಮೆಯ ಪರವಾದ ಸಾಕ್ಷ್ಯವೆಲ್ಲ ಪಾಸಾದವರದೇ ಆಗಿರುವಾಗ ಅದನ್ನು ಸಿದ್ಧಾಂತವೆಂದು ಒಪ್ಪಲು ಈ ಪ್ರಬಂಧ ಸಿದ್ಧವಿಲ್ಲ. ಮೇಷ್ಟ್ರುಗಳಲ್ಲೂ ಕೆಲವರು ಪೇಟದ ಕೆಳಗೆ ಸ್ವಲ್ಪ ಮುಜುಗರಪಡುವುದನ್ನು ವಿಡಿಯೊಗಳಲ್ಲಿ ಗಮನಿಸಬಹುದು.

ಬಗೆಹರಿಯದೆ ಉಳಿದ ಸಮಸ್ಯೆ ಒಂದಿದೆ, ಮತ್ತು ಅದು ಆರ್ಥಿಕ ಇತಿಹಾಸಕ್ಕೆ ಸೇರಿದ್ದು. ಬೀಳ್ಕೊಡುಗೆಗೆಂದು ತಲೆಗಿಷ್ಟು ವಸೂಲಿ ಮಾಡಿದ ಹಣದಲ್ಲಿ ಶಾಮಿಯಾನ, ಹಾರ, ಗಡಿಯಾರ, ಉಪ್ಪಿಟ್ಟಿನ ಖರ್ಚು ಕಳೆದು ಉಳಿದದ್ದೆಷ್ಟು, ಅದು ಎಲ್ಲಿಗೆ ಹೋಯಿತು? ಲೆಕ್ಕ ಬರೆದ ಹಾಳೆಯ ಕೆಳಭಾಗ ತ್ರುಟಿತ. ‘ಇತರೆ’ ಎಂಬ ಬಾಬತ್ತಿನ ಎದುರಿನ ಅಂಕಿಯ ಮೇಲೆ ಕೇಸರಿಬಾತಿನ ತುಪ್ಪ ಬಿದ್ದು ಓದಲು ಬಾರದಂತಾಗಿದೆ. ಅಂದಿನ ಖಜಾಂಚಿ ಈಗ ತಾಲೂಕು ಕೇಂದ್ರದಲ್ಲಿ ಸ್ವಂತ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾನೆ. ಎರಡಕ್ಕೂ ಸಂಬಂಧ ಕಲ್ಪಿಸುವುದು ದುಡುಕಾದೀತು. ಬ್ಯಾಚಿನ ವಾಟ್ಸ್ಯಾಪ್ ಗುಂಪಿನಲ್ಲಿ ಈ ಪ್ರಶ್ನೆಯನ್ನು ವಿದ್ವತ್ಪೂರ್ಣವಾಗಿ ಎತ್ತಲಾಯಿತು. ಮೊದಲು ಒಂದು ನಗುವ ಮುಖ ಬಂತು, ಆಮೇಲೆ ಯಾರೋ ಶುಭೋದಯದ ಗುಲಾಬಿ ಹಾಕಿದರು, ಮಧ್ಯಾಹ್ನದ ಹೊತ್ತಿಗೆ ಖಜಾಂಚಿ ಗುಂಪಿನಿಂದ ಹೊರಹೋಗಿದ್ದ.