ಕೆನಡಾ ಋಣ ಮೀಮಾಂಸೆ: ಬೆಳಕವಾಡಿ ಸೀಮೆಯ ವಿದೇಶ ವಿದ್ಯಾಭ್ಯಾಸ ಕುರಿತು ಒಂದು ಘನ ಸಂಶೋಧನೆ

ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ಸೀಮೆಯ ಹುಡುಗರು ಬಿ.ಇ. ಮುಗಿಯುವ ಮೊದಲೇ ಕೆನಡಾ ಜಪ ಹಿಡಿಯುವುದೇಕೆ? ಈ ಪ್ರಶ್ನೆಗೆ ಪೂರ್ವಸೂರಿಗಳು ಎರಡು ಮತಗಳನ್ನು ಮಂಡಿಸಿದ್ದಾರೆ. ‘ದುಡ್ಡಿಗೆ ಕಣಪ್ಪ, ಇನ್ಯಾತಕ್ಕೆ’ ಎಂಬುದು ಟೀ ಅಂಗಡಿ ಪಂಥ. ‘ಊರಲ್ಲಿದ್ರೆ ಹೆಣ್ಣು ಕೊಡಲ್ವಲ್ಲ’ ಎಂಬುದು ಅರಳಿಕಟ್ಟೆ ಪಂಥ. ಎರಡನೆಯದಕ್ಕೆ ಪ್ರಮಾಣವೂ ಉಂಟು: 2023ರ ಫೆಬ್ರವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮದುವೆಯಾಗದ ಗಂಡುಗಳು ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಆದರೆ ಎರಡೂ ಮತಗಳಲ್ಲಿ ಬರೀ ಸತ್ಯವಿದೆ, ಶಾಸ್ತ್ರವಿಲ್ಲ. ಆದ್ದರಿಂದ ತಿರಸ್ಕರಿಸಿದ್ದೇವೆ.

ನಮ್ಮ ಸಿದ್ಧಾಂತವಿದು: ಮಂಡ್ಯ ಜಿಲ್ಲೆ ಕೆನಡಾಕ್ಕೆ ಸಾಲಗಾರ.

ಶಿವನಸಮುದ್ರದ ವಿದ್ಯುದಾಗಾರವನ್ನು 1902ರಲ್ಲಿ ಆಗುಮಾಡಿದ ಮೈಸೂರಿನ ಎಂಜಿನಿಯರ್ ಜೋಲಿ ದ ಲಾಟ್‌ಬಿನಿಯರ್ ಕೆನಡಾದವನು. ಕಿಂಗ್‌ಸ್ಟನ್ನಿನ ಸೈನಿಕ ಕಾಲೇಜಿನಲ್ಲಿ ಓದಿದವನು. ಬೆಳಕವಾಡಿಯ ಪಕ್ಕದಲ್ಲೇ ಹುಟ್ಟಿದ ಆ ಕರೆಂಟು ಮೊದಲು ಹೋದದ್ದು ಬೆಳಕವಾಡಿಗಲ್ಲ, ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ. (ಹತ್ತಿರದವರನ್ನು ಬಿಟ್ಟು ದೂರದವರಿಗೆ ಬಡಿಸುವ ಈ ಪದ್ಧತಿಯೇ ಮುಂದೆ ನಮ್ಮ ಹುಡುಗರ ವೃತ್ತಿಧರ್ಮವಾಯಿತು. ಇದರ ಮೇಲೆ ಬೇರೆಯೇ ಸಂಪುಟ ಬರೆಯಬಹುದು.) ಎರಡನೆಯವನು ಲೆಸ್ಲಿ ಕೋಲ್‌ಮನ್. ಟೊರಾಂಟೊದಲ್ಲಿ ಓದಿ, ಜರ್ಮನಿಯ ಗಟ್ಟಿಂಗೆನ್ನಿನಲ್ಲಿ ಡಾಕ್ಟರೇಟ್ ಮಾಡಿ, 1908ರಲ್ಲಿ ಮೈಸೂರಿಗೆ ಬಂದ. ಅಂದರೆ ಅವನೂ ಫಾರಿನ್ ಸ್ಟೂಡೆಂಟೇ. 1933ರಲ್ಲಿ ಶುರುವಾದ ಮಂಡ್ಯದ ಸಕ್ಕರೆ ಕಾರ್ಖಾನೆಯ ಹಿಂದಿನ ತಲೆ ಅವನದು.

ಕರೆಂಟು ಕೊಟ್ಟರು, ಕಬ್ಬು ಅರೆಯುವ ದಾರಿ ತೋರಿಸಿದರು. ಇಷ್ಟು ದಿನ ಸುಮ್ಮನಿದ್ದ ಕೆನಡಾ ಈಗ ಬಡ್ಡಿ ಸಮೇತ ವಸೂಲಿಗೆ ನಿಂತಿದೆ. ವಸೂಲಿ ರಶೀದಿಗೆ ‘ಟ್ಯೂಷನ್ ಫೀ’ ಎಂದು ಹೆಸರು. ವಿದ್ಯಾರ್ಥಿ ತನ್ನ ಬಳಿ ಇದೆಯೆಂದು ತೋರಿಸಬೇಕಾದ ವರ್ಷದ ಖರ್ಚಿನ ಹಣ 10,000 ಡಾಲರ್ ಇದ್ದದ್ದು 2024ರ ಜನವರಿ 1ರಿಂದ 20,635 ಆಯಿತು. ಅದೇ ತಿಂಗಳು ಸ್ಟಡಿ ಪರ್ಮಿಟ್‌ಗಳಿಗೇ ಮಿತಿ ಹಾಕಿದರು. ಋಣ ತೀರಿಸಲು ಬಂದವರನ್ನೇ ಬಾಗಿಲಲ್ಲಿ ನಿಲ್ಲಿಸಿದ ಸಾಲಿಗನನ್ನು ನಾವು ಬೇರೆ ಯಾವ ಶಾಸ್ತ್ರದಲ್ಲೂ ಕಂಡಿಲ್ಲ.

ಇನ್ನು ಪ್ರಬಂಧದ ತಿರುಳಾದ ಪಹಣಿ ಸಮಸ್ಯೆ. 7.5 ಲಕ್ಷ ದಾಟಿದ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಆಧಾರ ಕೇಳುತ್ತವೆ. ಅಪ್ಪ ಪಹಣಿ ತೆಗೆದಿಡುತ್ತಾನೆ. ಬೇಸಾಯದ ಜಮೀನನ್ನು ಬಹುತೇಕ ಬ್ಯಾಂಕು ಮುಟ್ಟುವುದಿಲ್ಲ. ಸರಿ, ಮನೆ ಇದೆಯಲ್ಲ? ಮನೆಗೆ ಇ-ಸ್ವತ್ತು ಆಗಿಲ್ಲ, ತಾತನ ಹೆಸರಲ್ಲೇ ಇದೆ, ತಾತನಿಗೆ ಐದು ಜನ ಮಕ್ಕಳು, ಅದರಲ್ಲಿ ಇಬ್ಬರು ಮಾತಾಡುತ್ತಿಲ್ಲ. ಕೊನೆಗೆ ಜಮೀನು ಮಾರಿಯೇ ದುಡ್ಡು ತೋರಿಸುತ್ತಾರೆ. ಆಗ ವೀಸಾ ಅಧಿಕಾರಿಯ ಸಂಶಯ ಏಳುತ್ತದೆ: ಓದು ಮುಗಿದ ಮೇಲೆ ಇವನು ಊರಿಗೆ ವಾಪಸು ಹೋಗುತ್ತಾನೆ ಎನ್ನಲು ಊರಲ್ಲಿ ಇವನಿಗೆ ಏನಿದೆ?

ಜಮೀನಿದ್ದರೆ ಹಣವಿಲ್ಲ, ಆದ್ದರಿಂದ ವೀಸಾ ಇಲ್ಲ. ಹಣವಿದ್ದರೆ ಜಮೀನಿಲ್ಲ, ಆದ್ದರಿಂದ ವೀಸಾ ಇಲ್ಲ. ನ್ಯಾಯಶಾಸ್ತ್ರದ ದೊಡ್ಡ ದೊಡ್ಡ ಭಾಷ್ಯಕಾರರೂ ಇಂಥ ಉಭಯಸಂಕಟವನ್ನು ಇಷ್ಟು ಚೊಕ್ಕವಾಗಿ ಕಟ್ಟಿರಲಿಲ್ಲ. ಅವರ ಕಾಲದಲ್ಲಿ ಪಹಣಿ ಇರಲಿಲ್ಲ ಎಂಬ ರಿಯಾಯಿತಿ ಕೊಡೋಣ.

ಪಾಸ್‌ಪೋರ್ಟಿಗಾಗಿ ಬೆಳಕವಾಡಿ ಪೊಲೀಸ್ ಠಾಣೆ ನಡೆಸುವ ವಿಚಾರಣೆ ಸಣ್ಣ ಅಧ್ಯಾಯ. ‘ಯಾರ ಮಗ್ನಪ್ಪ ನೀನು?’ ಎಂಬ ಒಂದೇ ಪ್ರಶ್ನೆಯಲ್ಲಿ ಮುಗಿಯುತ್ತದೆ.

ಹೀಗಿದ್ದೂ ಹೋಗುವವರು ಹೋಗುತ್ತಲೇ ಇದ್ದಾರಲ್ಲ, ಯಾವ ಧೈರ್ಯದಿಂದ? ಕಬ್ಬು ಬೆಳೆದವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡು ವರ್ಷದ ಎಂ.ಎಸ್. ನಾಟಿ ಕಬ್ಬು: ಬಿತ್ತನೆ, ಗೊಬ್ಬರ, ಆಳು, ಎಲ್ಲ ಖರ್ಚೂ ಅಲ್ಲೇ. ಮುಗಿದ ಮೇಲೆ ಸಿಗುವ, ಮೂರು ವರ್ಷದವರೆಗಿನ ಕೆಲಸದ ಪರ್ಮಿಟ್ಟು ಕೂಳೆ. ಲಾಭ ಬರುವುದು ಕೂಳೆಯಲ್ಲಿ ಎಂದು ಮಳವಳ್ಳಿಯ ರೈತನಿಗೆ ಗೊತ್ತು. ನಡುವೆ ವಾರಕ್ಕೆ 24 ಗಂಟೆ ಕಾಫಿ ಅಂಗಡಿಯಲ್ಲಿ ಲೋಟ ತೊಳೆಯುವುದುಂಟು. ಊರಿನಲ್ಲಿ ತಟ್ಟೆ ಎತ್ತಿಡದವನು ಅಲ್ಲಿ ಲೋಟ ತೊಳೆಯುವುದನ್ನು ಅವನ ತಾಯಿ ವಿಡಿಯೊ ಕಾಲ್‌ನಲ್ಲಿ ಕಂಡು ನಂಬಲಿಲ್ಲ. ಈ ಸಾಕ್ಷ್ಯವನ್ನು ನಾವೂ ಸಂಶಯದಿಂದಲೇ ದಾಖಲಿಸಿದ್ದೇವೆ.

ಸಿದ್ಧಾಂತವನ್ನು ಟೀ ಅಂಗಡಿಯಲ್ಲಿ ಮಂಡಿಸಿದಾಗ ಒಬ್ಬ ಹಿರಿಯರು ಮಾತ್ರ ಆಕ್ಷೇಪ ಎತ್ತಿದರು. ‘ಸಾಲ ಅಂದ್ರಲ್ಲ ಸ್ವಾಮಿ, ಒಪ್ಪದೆ. ಫೀಜು ಕಟ್ಟಕ್ಕೆ ಗಡುವು ಯಾವತ್ತಂತೆ?’ ಮುಂದಿನ ತಿಂಗಳು 15 ಎಂದೆವು. ಅವರು ಬೀಡಿ ಹಚ್ಚಿ, ಹೊಗೆ ಬಿಟ್ಟು, ತೀರ್ಪು ಕೊಟ್ಟರು:

‘ಹೋದ ಸಾಲಿನ ಕಬ್ಬಿನ ಬಿಲ್ಲು ಇನ್ನೂ ಬಂದಿಲ್ಲ. ಬಂದ್ಮೇಲೆ ಕಟ್ತೀವಿ ಅಂತ ಆ ಕೆನಡಾದೋರ್ಗೆ ಒಂದ್ ಕಾಗ್ದ ಬರ್ದಾಕ್ಬುಡಿ.’